188ರಿಂದ 50ಕ್ಕೆ: ನಮ್ಮೂರ ಹೆದ್ದಾರಿಯ ಸಾವಿನ ಲೆಕ್ಕ

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ 2023ರಲ್ಲಿ ಸತ್ತವರು 188 ಮಂದಿ, 2024ರಲ್ಲಿ ಸತ್ತವರು 50 ಮಂದಿ. ಪೊಲೀಸ್ ಇಲಾಖೆ ಈ ಎರಡು ಸಂಖ್ಯೆಗಳನ್ನು ಪ್ರಕಟಿಸಿದಂದಿನಿಂದ ಮದ್ದೂರಿನಲ್ಲಿ ನಾನು ಬೆಳಿಗ್ಗೆ ಹೋಗಿ ಕೂರುವ ಟೀ ಅಂಗಡಿಯಲ್ಲಿ ಇವುಗಳ ಮೇಲೆ ಆಗಾಗ ಪಂಚಾಯಿತಿ ನಡೆಯುತ್ತಲೇ ಇದೆ. ಇದು ಕ್ಯಾಮೆರಾ ಹಾಕಿದ್ದರ ಫಲ ಎಂದು ಒಬ್ಬರು, ಬೈಕು ಆಟೋಗಳನ್ನು ಹೆದ್ದಾರಿಯಿಂದ ಇಳಿಸಿದ್ದರ ಫಲ ಎಂದು ಇನ್ನೊಬ್ಬರು ವಾದಿಸುತ್ತಾರೆ. ಮೂರನೆಯವರು ಲೋಟ ಕೆಳಗಿಟ್ಟು, "ಬುಡಿ ಮೇಷ್ಟ್ರೇ, ಅವ್ರು ಬರ್ಕೊಂಡಿದ್ದೇ ಲೆಕ್ಕ, ಸತ್ತೋರೆಲ್ಲಾ ಅದರೊಳಗೆ ಎಲ್ಲಿ ಬತ್ತಾರೆ" ಎಂದು ಎರಡೂ ವಾದಗಳನ್ನು ಒಂದೇ ಏಟಿಗೆ ಮುಗಿಸಿಬಿಡುತ್ತಾರೆ. ಪ್ರೌಢಶಾಲೆಯಲ್ಲಿ ಜೀವಮಾನವಿಡೀ ಗಣಿತ ಹೇಳಿಕೊಟ್ಟವನು ಎಂಬ ಕಾರಣಕ್ಕೆ ತೀರ್ಪು ನನ್ನ ಪಾಲಿಗೆ ಬರುತ್ತದೆ. ಟೀ ಆರುವುದರೊಳಗೆ ಕೊಡಬಹುದಾದ ತೀರ್ಪು ಅದಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ರಸ್ತೆಯನ್ನು ನೋಡದವರಿಗಾಗಿ ಒಂದೆರಡು ಮಾತು. ರಾಷ್ಟ್ರೀಯ ಹೆದ್ದಾರಿ 275ರ ಈ ಭಾಗ ಸುಮಾರು 119 ಕಿಲೋಮೀಟರ್ ಉದ್ದವಿದ್ದು, ನಡುವೆ ಆರು ಪಥಗಳ ಮುಖ್ಯ ರಸ್ತೆಯೂ ಎರಡೂ ಬದಿಗೆ ಎರಡೆರಡು ಪಥಗಳ ಸರ್ವಿಸ್ ರಸ್ತೆಯೂ ಇವೆ. ಬಿಡದಿ, ರಾಮನಗರ, ಚನ್ನಪಟ್ಟಣ, ಮಂಡ್ಯ, ಶ್ರೀರಂಗಪಟ್ಟಣಗಳನ್ನು ಅದು ಬೈಪಾಸುಗಳಲ್ಲಿ ಬಳಸಿಕೊಂಡು ಹೋಗುತ್ತದೆ. ನಮ್ಮ ಮದ್ದೂರಿನಲ್ಲಿ ಮೇಲ್ಸೇತುವೆಯ ಮೇಲೆ ಹಾದುಹೋಗುತ್ತದೆ. 2023ರ ಮಾರ್ಚ್ 12ರಂದು ಪ್ರಧಾನಿಯವರು ಮಂಡ್ಯದಲ್ಲಿ ಅದನ್ನು ಉದ್ಘಾಟಿಸಿದರು. ಅದೇ ವರ್ಷದ ಆಗಸ್ಟ್ 1ರಿಂದ ಮುಖ್ಯ ರಸ್ತೆಯಲ್ಲಿ ಬೈಕು, ಸ್ಕೂಟರ್, ಆಟೋ, ಟ್ರ್ಯಾಕ್ಟರುಗಳಿಗೆ ಪ್ರವೇಶ ನಿಂತಿತು. ತಲೆಮಾರುಗಳಿಂದ ಊರೊಳಗೆ ಹಾದು, ಮದ್ದೂರು ವಡೆಗೂ ಚನ್ನಪಟ್ಟಣದ ಗೊಂಬೆಗೂ ಗಿರಾಕಿ ತರುತ್ತಿದ್ದ ರಸ್ತೆಯೊಂದು ಹೀಗೆ ಒಂದೇ ವರ್ಷದಲ್ಲಿ ಊರಿನವರಿಗೆ ಪರಕೀಯವಾಯಿತು. ಆ ಬೇಸರ ನನಗೂ ಇದೆ, ಆದರೆ ಅದನ್ನು ಲೆಕ್ಕದೊಳಗೆ ಬೆರೆಸಬಾರದು.

ಮೊದಲು ಮೂರನೆಯವರ ಮಾತನ್ನೇ ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದರಲ್ಲಿ ಅರ್ಧ ಸತ್ಯವಿದೆ. ರಸ್ತೆಯಲ್ಲಿ ಒಬ್ಬ ಮನುಷ್ಯ ಸಾಯುವುದು ಬೇರೆ, ಅವನ ಸಾವು ಅಂಕಿಯಾಗುವುದು ಬೇರೆ. ಎರಡರ ನಡುವೆ ಕಾಗದದ ದೀರ್ಘ ಪ್ರಯಾಣವೊಂದಿದೆ. ಸ್ಥಳದಲ್ಲೇ ಜೀವ ಹೋದರೆ ಆ ಪ್ರಯಾಣ ಚಿಕ್ಕದು. ಠಾಣೆಯಲ್ಲಿ ಎಫ್‌ಐಆರ್ ಆಗುತ್ತದೆ, ಮಹಜರು ಆಗುತ್ತದೆ, ಪ್ರಕರಣಕ್ಕೆ ಸಾವಿನ ಕಲಂ ಮೊದಲ ದಿನವೇ ಸೇರುತ್ತದೆ. ಆ ಕಲಂ ಮೊದಲು ಭಾರತೀಯ ದಂಡ ಸಂಹಿತೆಯ 304ಎ ಆಗಿತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 106 ಆಗಿದೆ. ಗಾಯಾಳು ಬದುಕಿದ್ದು ಆಸ್ಪತ್ರೆ ಸೇರಿದರೆ ಕಥೆಯೇ ಬೇರೆ. ಮದ್ದೂರಿನ ಬಳಿ ಬಿದ್ದವರನ್ನು ಮಂಡ್ಯಕ್ಕೆ ಒಯ್ಯುತ್ತಾರೆ, ತಲೆಗೆ ಪೆಟ್ಟಾಗಿದ್ದರೆ ಅಲ್ಲಿಂದ ಮೈಸೂರಿಗೋ ಬೆಂಗಳೂರಿನ ನಿಮ್ಹಾನ್ಸಿಗೋ ಕಳುಹಿಸುತ್ತಾರೆ. ಅಲ್ಲಿ ಹತ್ತನೆಯ ದಿನ ಅವರು ತೀರಿಕೊಂಡರೆ ಆಸ್ಪತ್ರೆಯಿಂದ ಪೊಲೀಸರಿಗೆ ಮೆಮೊ ಹೋಗಬೇಕು, ಆ ಮೆಮೊ ಅಪಘಾತ ನಡೆದ ವ್ಯಾಪ್ತಿಯ ಠಾಣೆಗೆ ಮುಟ್ಟಬೇಕು, ಠಾಣೆಯವರು ನ್ಯಾಯಾಲಯಕ್ಕೆ ಬರೆದುಕೊಂಡು ಗಾಯದ ಕಲಮಿನ ಪ್ರಕರಣವನ್ನು ಸಾವಿನ ಕಲಮಿಗೆ ಬದಲಾಯಿಸಬೇಕು, ಆಮೇಲೆ ತಿಂಗಳ ವರದಿಯಲ್ಲಿ "ಗಾಯಾಳು" ಅಂಕಣದಿಂದ ಒಂದನ್ನು ಕಳೆದು "ಮೃತ" ಅಂಕಣಕ್ಕೆ ಒಂದನ್ನು ಸೇರಿಸಬೇಕು. ಮೂರು ಜಿಲ್ಲೆಗಳನ್ನು ದಾಟುವ ಈ ಕೆಲಸದಲ್ಲಿ ಎಲ್ಲಿಯೂ ಯಾರೂ ಕೆಟ್ಟವರಾಗಬೇಕಿಲ್ಲ. ಒಂದು ಕಾಗದ ತಡವಾದರೆ ಸಾಕು, ಒಬ್ಬ ಸತ್ತ ಮನುಷ್ಯ ಲೆಕ್ಕದಲ್ಲಿ ಗಾಯಾಳುವಾಗಿಯೇ ಉಳಿಯುತ್ತಾನೆ.

ನಮ್ಮ ಬೀದಿಯ ಹಿರಿಯರೊಬ್ಬರು ಡೈರಿಗೆ ಹಾಲು ಹಾಕಿ ಮೊಪೆಡ್‌ನಲ್ಲಿ ಬರುತ್ತಿದ್ದಾಗ ಕಾರೊಂದು ಹಿಂದಿನಿಂದ ಗುದ್ದಿತು. ಸೊಂಟ ಮುರಿದಿತ್ತು. ಶಸ್ತ್ರಚಿಕಿತ್ಸೆಯಾಯಿತು, ಮನೆಗೆ ಕರೆತಂದರು, ಮಲಗಿದಲ್ಲೇ ಹುಣ್ಣಾಗಿ ನಂಜೇರಿ ನಲವತ್ತನೆಯ ದಿನಕ್ಕೆ ಹೋದರು. ಅಂತರರಾಷ್ಟ್ರೀಯ ಲೆಕ್ಕದ ಪದ್ಧತಿಯಲ್ಲಿ ಅಪಘಾತವಾಗಿ 30 ದಿನದೊಳಗೆ ಆದ ಸಾವನ್ನು ಮಾತ್ರ ರಸ್ತೆ ಸಾವು ಎಂದು ಎಣಿಸುತ್ತಾರೆ. ಅವರು ಹತ್ತು ದಿನ ಹೆಚ್ಚು ನರಳಿದ್ದರಿಂದ ಆ ಪದ್ಧತಿಯ ಹೊರಗೆ ಬಿದ್ದರು. ಎಲ್ಲೋ ಒಂದು ಗೆರೆ ಎಳೆಯಲೇಬೇಕು, ಇಲ್ಲದಿದ್ದರೆ ದೇಶ ದೇಶಗಳ ನಡುವೆ ಹೋಲಿಕೆಯೇ ಸಾಧ್ಯವಾಗುವುದಿಲ್ಲ ಎಂಬುದು ನನಗೆ ಅರ್ಥವಾಗುತ್ತದೆ. ಆದರೆ ಗೆರೆಯ ಆಚೆ ನಿಂತವರ ಮನೆಯ ಮುಂದೆ ದಿನಕ್ಕೆ ಎರಡು ಸಲ ಹಾದುಹೋಗುವವನು ನಾನು.

ಈ ಸೋರಿಕೆ ನಮ್ಮ ತಾಲ್ಲೂಕಿನದ್ದು ಮಾತ್ರವಲ್ಲ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಲೆಕ್ಕದಂತೆ 2021ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,53,972 ಮಂದಿ. ಅದೇ ವರ್ಷಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು 2,16,618. ಎರಡನೆಯದು ತಲೆ ಎಣಿಸಿ ಪಡೆದ ಸಂಖ್ಯೆಯಲ್ಲ, ಲೆಕ್ಕಾಚಾರದ ಮಾದರಿಯಿಂದ ಬಂದದ್ದು. ಹಾಗಾಗಿ ಅದೇ ಸತ್ಯ ಎಂದು ಹಿಡಿದುಕೊಳ್ಳುವುದೂ ಸರಿಯಲ್ಲ. ದೇಶದೊಳಗೇ ಎರಡು ಸರ್ಕಾರಿ ಲೆಕ್ಕಗಳಿವೆ: 2022ಕ್ಕೆ ಸಚಿವಾಲಯ 1,68,491 ಎಂದರೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ 1,71,100 ಎನ್ನುತ್ತದೆ, ಎರಡಕ್ಕೂ ಮೂಲ ಅದೇ ಪೊಲೀಸ್ ಠಾಣೆಗಳು. ಇನ್ನೂ ವಿಚಿತ್ರವೆಂದರೆ ಹಳೆಯ ವರ್ಷಗಳ ಸಂಖ್ಯೆ ಆಮೇಲೆ ಬೆಳೆಯುತ್ತದೆ. 2020ರ ಸಾವುಗಳು ಆ ವರ್ಷದ ವರದಿಯಲ್ಲಿ 1,31,714 ಆಗಿದ್ದವು. 2022ರ ವರದಿಯ ಕೋಷ್ಟಕದಲ್ಲಿ ಅದೇ 2020ರ ಎದುರಿಗೆ 1,38,383 ಎಂದಿದೆ. ಮುಗಿದುಹೋದ ವರ್ಷವೊಂದರಲ್ಲಿ ಆರೂವರೆ ಸಾವಿರಕ್ಕೂ ಹೆಚ್ಚು ಜನ ನಿಧಾನವಾಗಿ ಬಂದು ಸೇರಿಕೊಂಡರು. ವರ್ಷದ ಮೊದಲ ವಾರದಲ್ಲೇ ಹಿಂದಿನ ವರ್ಷದ ಸಾವಿನ ಸಂಖ್ಯೆಯನ್ನು ಪತ್ರಿಕೆಯಲ್ಲಿ ಓದುವಾಗ ನಾನು ಅದನ್ನು ಪೆನ್ಸಿಲಿನಲ್ಲಿ ಬರೆದಿಟ್ಟುಕೊಳ್ಳುವುದು ಈ ಕಾರಣಕ್ಕೆ.

ಹಾಗಾದರೆ 188 ಮತ್ತು 50 ಎರಡನ್ನೂ ಬಿಸಾಡಬೇಕೆ? ಟೀ ಅಂಗಡಿಯ ಮೂರನೆಯವರು ತಪ್ಪುವುದು ಇಲ್ಲಿ. ಕಲ್ಲು ಸವೆದ ತಕ್ಕಡಿಯಲ್ಲಿ ಪ್ರತಿ ಸಲವೂ ಕಿಲೋಗೆ ಐವತ್ತು ಗ್ರಾಂ ಕಡಿಮೆ ತೂಗುತ್ತದೆ ಎಂದಿಟ್ಟುಕೊಳ್ಳಿ. ನಿನ್ನೆಯ ಬೆಲ್ಲಕ್ಕಿಂತ ಇವತ್ತಿನ ಬೆಲ್ಲ ಹೆಚ್ಚೋ ಕಡಿಮೆಯೋ ಎಂಬುದನ್ನು ಅದೇ ತಕ್ಕಡಿ ಸರಿಯಾಗಿಯೇ ಹೇಳುತ್ತದೆ. ಎರಡೂ ವರ್ಷ ಅದೇ ಠಾಣೆಗಳು, ಅದೇ ಆಸ್ಪತ್ರೆಗಳು, ಅದೇ ನಮೂನೆಗಳು ಇದ್ದರೆ ಸೋರಿಕೆಯೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಇರುತ್ತದೆ, ವರ್ಷ ವರ್ಷಕ್ಕೆ ಆದ ಬದಲಾವಣೆ ನಂಬಲು ಯೋಗ್ಯವಾಗಿ ಉಳಿಯುತ್ತದೆ. ಸೋರಿಕೆ ಎಷ್ಟಿದೆ ಎನ್ನುವುದಕ್ಕಿಂತ ಅದು ಎರಡು ವರ್ಷಗಳ ನಡುವೆ ಬದಲಾಯಿತೆ ಎಂಬುದೇ ಇಲ್ಲಿ ಕೇಳಬೇಕಾದ ಪ್ರಶ್ನೆ.

ಆ ಪ್ರಶ್ನೆಗೆ ನಮ್ಮ ಹೆದ್ದಾರಿಯಲ್ಲಿ ಒಂದು ಮುಳ್ಳಿದೆ. 2023ರ ಜುಲೈವರೆಗೆ ಬೈಕಿನವನೊಬ್ಬ ಮುಖ್ಯ ರಸ್ತೆಯಲ್ಲಿ ಸತ್ತರೆ ಅದು ನಿಸ್ಸಂಶಯವಾಗಿ ಹೆದ್ದಾರಿಯ ಸಾವು. ಆಗಸ್ಟ್ ನಂತರ ಅದೇ ಬೈಕಿನವನು, ಅದೇ ಟ್ರ್ಯಾಕ್ಟರಿನವನು ತಡೆಬೇಲಿಯ ಈಚೆ ಸರ್ವಿಸ್ ರಸ್ತೆಯಲ್ಲಿದ್ದಾನೆ. ಅವನು ಅಲ್ಲಿ ಸತ್ತರೆ ಯಾವ ಅಂಕಣಕ್ಕೆ ಹೋಗುತ್ತಾನೆ? ಹೆದ್ದಾರಿ ಎಂದರೆ ಎಂಟೂವರೆ ಸಾವಿರ ಕೋಟಿಯಷ್ಟು ಹಣದಲ್ಲಿ ಕಟ್ಟಿದ ಹತ್ತೂ ಪಥಗಳೋ, ನಡುವಿನ ಆರು ಮಾತ್ರವೋ? 188ನ್ನು ಎಣಿಸಿದಾಗಲೂ 50ನ್ನು ಎಣಿಸಿದಾಗಲೂ ಗಡಿ ಒಂದೇ ಆಗಿದ್ದರೆ ತಕರಾರಿಲ್ಲ. ಈಗ ಪೊಲೀಸರು ಅಪಘಾತವಾದ ಜಾಗದಿಂದಲೇ ಮೊಬೈಲಿನಲ್ಲಿ ಅಕ್ಷಾಂಶ ರೇಖಾಂಶ ಸಮೇತ ವಿವರ ದಾಖಲಿಸುವ ಇ-ಡಾರ್ ವ್ಯವಸ್ಥೆ ಬಂದಿದೆ; ಐಐಟಿ ಮದ್ರಾಸ್ ಮತ್ತು ರಾಷ್ಟ್ರೀಯ ಮಾಹಿತಿ ಕೇಂದ್ರ ಸೇರಿ ರೂಪಿಸಿದ ಇದರ ಮೊದಲ ಆವೃತ್ತಿಯನ್ನು ಪ್ರಯೋಗಕ್ಕೆ ತೆಗೆದುಕೊಂಡ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆ ಚುಕ್ಕೆಗಳನ್ನು ನಕ್ಷೆಯ ಮೇಲೆ ಇಟ್ಟರೆ ಯಾವ ಸಾವು ಬೇಲಿಯ ಯಾವ ಬದಿಗೆ ಬಿತ್ತು ಎಂಬುದನ್ನು ಒಂದು ಮಧ್ಯಾಹ್ನದಲ್ಲಿ ಹೇಳಿಬಿಡಬಹುದು. ಹೀಗೆ ಹೇಳಬಲ್ಲ ಸಂಖ್ಯೆಯನ್ನು ಒಂದೇ ಮೊತ್ತವಾಗಿ ಬಿಡುಗಡೆ ಮಾಡುವುದು ನನಗೆ ಸರಿ ಕಾಣುವುದಿಲ್ಲ.

ಇನ್ನು ಅದೃಷ್ಟದ ಮಾತು. ಸಾವಿನಂಥ ವಿಷಯದಲ್ಲಿ ಅದೃಷ್ಟ ಎನ್ನುವುದು ಕೆಲವರಿಗೆ ಕಟುವಾಗಿ ಕೇಳಿಸಬಹುದು, ಆದರೆ ಗಣಿತಕ್ಕೆ ಬೇರೆ ಪದವಿಲ್ಲ. ಒಂದು ಠಾಣೆಯ ವ್ಯಾಪ್ತಿಯಲ್ಲಿ ವರ್ಷಕ್ಕೆ ಸರಾಸರಿ 9 ಸಾವುಗಳಾಗುತ್ತವೆ ಎಂದುಕೊಳ್ಳೋಣ. ರಸ್ತೆ, ವಾಹನ, ಚಾಲಕರು ಯಾವುದೂ ಎಳ್ಳಷ್ಟೂ ಬದಲಾಗದಿದ್ದರೂ ಒಂದು ವರ್ಷ 6, ಇನ್ನೊಂದು ವರ್ಷ 12 ಆಗುವುದು ತೀರ ಸಾಮಾನ್ಯ. ಅಪರೂಪಕ್ಕೆ, ಒಂದನ್ನೊಂದು ಅವಲಂಬಿಸದೆ ಆಗುವ ಘಟನೆಗಳ ಎಣಿಕೆ ತನ್ನ ಸರಾಸರಿಯ ವರ್ಗಮೂಲದಷ್ಟು ಆಚೀಚೆ ಓಲಾಡುತ್ತದೆ. 9ರ ವರ್ಗಮೂಲ 3. ನಾನು ತರಗತಿಯಲ್ಲಿ ಇದನ್ನು ಹುಣಿಸೆಬೀಜ ಚೆಲ್ಲಿ ತೋರಿಸುತ್ತಿದ್ದೆ: ಚೌಕಗಳನ್ನು ಬರೆದ ನೆಲದ ಮೇಲೆ ಬೀಜ ಎರಚಿದರೆ ಯಾವ ಚೌಕಕ್ಕೂ ವಿಶೇಷ ಶಕ್ತಿಯಿಲ್ಲದಿದ್ದರೂ ಕೆಲವಕ್ಕೆ ಹೆಚ್ಚು ಬೀಳುತ್ತವೆ, ಕೆಲವು ಬರಿದಾಗಿಯೇ ಉಳಿಯುತ್ತವೆ. ಆದ್ದರಿಂದ ಪತ್ರಿಕೆಯ ಜಿಲ್ಲಾ ಪುಟದಲ್ಲಿ 8 ಇದ್ದದ್ದು 12 ಆದಾಗ "ಶೇ 50ರಷ್ಟು ಏರಿಕೆ" ಎಂದೂ, 12 ಇದ್ದದ್ದು 8 ಆದಾಗ "ಪೊಲೀಸರ ಕ್ರಮಕ್ಕೆ ಫಲ" ಎಂದೂ ಬರೆಯುವುದು ಹುಣಿಸೆಬೀಜಕ್ಕೆ ಭವಿಷ್ಯ ಹೇಳಿಸಿದಂತೆ.

ಆದರೆ ಇದೇ ಅಳತೆಯನ್ನು ಹೆದ್ದಾರಿಗೆ ಇಟ್ಟರೆ ಉತ್ತರ ಸ್ಪಷ್ಟವಾಗಿದೆ. 188ರ ವರ್ಗಮೂಲ 14ರ ಹತ್ತಿರ, 50ರದ್ದು 7. ಒಂದೇ ಕಾರಿನಲ್ಲಿ ನಾಲ್ಕೈದು ಜನ ಒಟ್ಟಿಗೆ ಸಾಯುವುದರಿಂದ ನಿಜವಾದ ಓಲಾಟ ಇದಕ್ಕಿಂತ ಹೆಚ್ಚೇ ಇರುತ್ತದೆ. ಅದನ್ನು ದುಪ್ಪಟ್ಟು ಮಾಡಿಕೊಂಡರೂ 138ರ ಇಳಿಕೆಯನ್ನು ಅದೃಷ್ಟದ ಲೆಕ್ಕಕ್ಕೆ ಬರೆಯಲಾಗುವುದಿಲ್ಲ. ಏನೋ ಒಂದು ನಿಜವಾಗಿಯೂ ಬದಲಾಯಿತು.

ಏನು ಎಂಬುದಕ್ಕೆ ಬಂದಾಗ ಟೀ ಅಂಗಡಿಯ ಉಳಿದಿಬ್ಬರ ಜಗಳ ಶುರುವಾಗುತ್ತದೆ. ಕ್ಯಾಲೆಂಡರ್ ತೆರೆದು ನೋಡಿದರೆ ಇಬ್ಬರಿಗೂ ಇರುಸುಮುರುಸಾಗುವ ಸಂಗತಿಯೊಂದು ಸಿಗುತ್ತದೆ. 2023ರ ಜೂನ್‌ನಲ್ಲಿ ಈ ರಸ್ತೆಯಲ್ಲಿ 28 ಸಾವುಗಳಾಗಿದ್ದವು, ಜುಲೈನಲ್ಲಿ 8. ಬೈಕುಗಳಿಗೆ ನಿರ್ಬಂಧ ಜಾರಿಗೆ ಬಂದದ್ದು ಆಗಸ್ಟ್ 1ಕ್ಕೆ. ಮಾರ್ಗದುದ್ದಕ್ಕೂ ವೇಗವನ್ನು ತಾನೇ ಓದಿ ದಂಡ ಹಾಕುವ ಕ್ಯಾಮೆರಾಗಳ ಜಾಲ ಬಂದದ್ದು 2024ರಲ್ಲಿ. ಅಂದರೆ ಮೊದಲ ದೊಡ್ಡ ಇಳಿತ ಇಬ್ಬರ ಕಾರಣಗಳಿಗಿಂತಲೂ ಮುಂಚೆ ಆಗಿಹೋಗಿತ್ತು. ಆ ಜುಲೈಯಲ್ಲಿ ನಡೆದದ್ದು, ಸಂಚಾರ ಮತ್ತು ರಸ್ತೆ ಸುರಕ್ಷತೆಯ ಹೊಣೆ ಹೊತ್ತಿದ್ದ ಹೆಚ್ಚುವರಿ ಪೊಲೀಸ್ ಮಹಾನಿರ್ದೇಶಕ ಅಲೋಕ್ ಕುಮಾರ್ ಅವರ ಮುತುವರ್ಜಿಯಲ್ಲಿ ಪೊಲೀಸರು ವೇಗ ಅಳೆಯುವ ರೇಡಾರ್ ಗನ್ ಹಿಡಿದು ರಸ್ತೆಯ ಬದಿಗೆ ನಿಂತದ್ದು. ಗಂಟೆಗೆ 100 ಕಿಲೋಮೀಟರ್ ಎಂಬ ಮಿತಿ ಆವರೆಗೆ ಬರೀ ಫಲಕದ ಮೇಲಿತ್ತು.

ವೇಗ ತುಸು ಇಳಿದರೆ ಸಾವು ಇಷ್ಟು ಇಳಿಯುತ್ತದೆಯೇ ಎಂದು ಕೇಳುವವರಿಗೆ ಸ್ವೀಡನ್ನಿನ ರಸ್ತೆ ಸುರಕ್ಷತೆಯ ಸಂಶೋಧಕ ಯೋರಾನ್ ನಿಲ್ಸನ್ ಕಂಡುಕೊಂಡ ಸಂಬಂಧವೊಂದಿದೆ: ರಸ್ತೆಯ ಸಾವುಗಳು ಸರಾಸರಿ ವೇಗದ ನಾಲ್ಕನೆಯ ಘಾತದಂತೆ ಏರಿಳಿಯುತ್ತವೆ. ಸರಾಸರಿ ವೇಗ 110ರಿಂದ 90ಕ್ಕೆ ಇಳಿಯಿತು ಎಂದುಕೊಂಡರೆ ಸಾವುಗಳು ಅರ್ಧಕ್ಕಿಂತ ಕೆಳಗೆ, ಶೇ 45ರ ಆಸುಪಾಸಿಗೆ ಬರಬೇಕು. 28ರ ಶೇ 45 ಎಂದರೆ 12 ಅಥವಾ 13. ನಿಜವಾಗಿ ಆದದ್ದು 8. ಉಳಿದ ನಾಲ್ಕೈದು ಎಲ್ಲಿ ಹೋದವು? ಇಲ್ಲಿ ಹುಣಿಸೆಬೀಜ ಮತ್ತೆ ಬರುತ್ತದೆ. ವರ್ಷದ 188ರಲ್ಲಿ ಜೂನ್‌ನ 28 ಕಳೆದರೆ ಉಳಿದ ಹನ್ನೊಂದು ತಿಂಗಳಿಗೆ 160, ತಿಂಗಳಿಗೆ ಹದಿನಾಲ್ಕೂವರೆ. ಜೂನ್ ಎಂಬುದು ತನ್ನ ವರ್ಷದ ಮಟ್ಟಕ್ಕೇ ಅಸಾಧಾರಣವಾಗಿ ಕೆಟ್ಟ ತಿಂಗಳಾಗಿತ್ತು, ಕೆಟ್ಟ ತಿಂಗಳಾದ್ದರಿಂದಲೇ ಊರೆಲ್ಲ ಗದ್ದಲವೆದ್ದು ಪೊಲೀಸರು ಬಂದರು. ಅಂಥ ತಿಂಗಳ ಮುಂದಿನ ತಿಂಗಳು ಯಾರೂ ಏನೂ ಮಾಡದಿದ್ದರೂ ಬಹುಮಟ್ಟಿಗೆ ಕಡಿಮೆಯೇ ಆಗುತ್ತಿತ್ತು. ಜ್ವರ ನೆತ್ತಿಗೇರಿದ ದಿನ ಕಷಾಯ ಕುಡಿಸಿ, ಮರುದಿನ ಇಳಿದ ಜ್ವರವನ್ನೆಲ್ಲ ಕಷಾಯದ ಹೆಸರಿಗೆ ಬರೆಯುವ ಅಜ್ಜಿಯರು ಎಲ್ಲ ಮನೆಗಳಲ್ಲಿಯೂ ಇರುತ್ತಾರೆ, ಕಷಾಯದಲ್ಲಿ ಗುಣವಿರಬಾರದೆಂದೇನಿಲ್ಲ. ದೇಶದಾದ್ಯಂತ ಹೆದ್ದಾರಿಗಳಲ್ಲಿ ಗುರುತಿಸುವ ಕಪ್ಪು ಚುಕ್ಕೆಗಳಿಗೂ ಇದೇ ಮಾತು. ಸುಮಾರು 500 ಮೀಟರ್ ಉದ್ದದ ಜಾಗದಲ್ಲಿ ಮೂರು ವರ್ಷಗಳಲ್ಲಿ ಹತ್ತು ಸಾವುಗಳಾದರೆ, ಇಲ್ಲವೇ ಸಾವು ಅಥವಾ ಗಂಭೀರ ಗಾಯದ ಐದು ಅಪಘಾತಗಳಾದರೆ, ಅದು ಕಪ್ಪು ಚುಕ್ಕೆ. ಹಾಗೆ ಆರಿಸಿದ ಜಾಗಗಳಲ್ಲಿ ಕೆಲವು ನಿಜಕ್ಕೂ ಅಪಾಯದ ತಿರುವುಗಳು, ಕೆಲವು ಆ ಮೂರು ವರ್ಷ ಬೀಜ ಹೆಚ್ಚು ಬಿದ್ದ ಚೌಕಗಳು. ದುರಸ್ತಿಯ ನಂತರ ಎರಡೂ ಕಡೆ ಸಾವು ಇಳಿಯುತ್ತದೆ.

ನನ್ನ ತೀರ್ಪು ಕೇಳುವುದಾದರೆ ಜುಲೈನ ಇಳಿತದಲ್ಲಿ ದೊಡ್ಡ ಪಾಲು ರೇಡಾರ್ ಗನ್ನಿನದು, ಒಂದಿಷ್ಟು ಪಾಲು ಜೂನ್‌ನ ಕೆಟ್ಟ ಗಳಿಗೆಯದು. 2024 ಇಡೀ ವರ್ಷ ಅದು ಕೆಳಗೇ ನಿಂತದ್ದು ಬೈಕು ಟ್ರ್ಯಾಕ್ಟರುಗಳು ಇಳಿದದ್ದರಿಂದ ಮತ್ತು ಕ್ಯಾಮೆರಾಗಳಿಂದ. ಗಂಟೆಗೆ 110ರಲ್ಲಿ ಬರುವ ಕಾರಿನ ಎದುರು 20ರಲ್ಲಿ ತೆವಳುವ ಕಬ್ಬಿನ ಟ್ರ್ಯಾಕ್ಟರು, ಅದೂ ಹಿಂದೆ ಒಂದು ಕೆಂಪು ದೀಪವೂ ಇಲ್ಲದ್ದು, ಒಂದೇ ಪಥದಲ್ಲಿ ಇದ್ದ ಕಾಲ ಹೋಗಿದ್ದು ಸಣ್ಣ ಸಂಗತಿಯಲ್ಲ. ಆದರೆ ಇವುಗಳ ಪಾಲನ್ನು ಒಂದರಿಂದೊಂದು ಬೇರ್ಪಡಿಸಿ ತೋರಿಸುವ ಶಕ್ತಿ 188 ಮತ್ತು 50 ಎಂಬ ಎರಡು ಸಂಖ್ಯೆಗಳಿಗೆ ಇಲ್ಲ. ಅದಕ್ಕೆ ಬೈಕಿನವರೆಷ್ಟು, ಕಾರಿನವರೆಷ್ಟು, ರಸ್ತೆ ದಾಟುತ್ತಿದ್ದ ಪಾದಚಾರಿಗಳೆಷ್ಟು, ತಿಂಗಳು ಯಾವುದು, ಹಗಲೋ ರಾತ್ರಿಯೋ ಎಂಬ ವಿಂಗಡಣೆ ಬೇಕು.

ಇಲ್ಲಿಯವರೆಗೆ ಮೇಲಿನ ಸಂಖ್ಯೆಯ ಮಾತಾಯಿತು. ಭಿನ್ನರಾಶಿಯಲ್ಲಿ ಕೆಳಗಿನ ಸಂಖ್ಯೆಯೂ ಇರುತ್ತದೆ ಎಂದು ಮಕ್ಕಳಿಗೆ ಹೇಳಿಕೊಟ್ಟವನು ನಾನು. 2022ರಲ್ಲಿ ದೇಶದ ರಾಷ್ಟ್ರೀಯ ಹೆದ್ದಾರಿಗಳಲ್ಲಿ ಸತ್ತವರು 61,038 ಮಂದಿ, ಹೆದ್ದಾರಿಗಳ ಒಟ್ಟು ಉದ್ದ ಸುಮಾರು 1.45 ಲಕ್ಷ ಕಿಲೋಮೀಟರ್, ಕಿಲೋಮೀಟರಿಗೆ 0.42 ಸಾವು. ನಮ್ಮ ರಸ್ತೆಯ 50ನ್ನು 119ರಿಂದ ಭಾಗಿಸಿ ನೋಡಿ, ಅದೂ 0.42. ಎಲ್ಲರೂ ಹೊಗಳುತ್ತಿರುವ 2024ರ ಸಂಖ್ಯೆ ಕಿಲೋಮೀಟರ್ ಲೆಕ್ಕದಲ್ಲಿ ದೇಶದ ಸರಾಸರಿಯಷ್ಟೇ, 2023ರದ್ದು ಅದರ ಮೂರೂಮುಕ್ಕಾಲು ಪಟ್ಟು. ಈ ಭಾಗಾಕಾರ ಮಾಡಿದ ದಿನ ನನಗೇ ಆಶ್ಚರ್ಯವಾಯಿತು. ಹಾಗೆಂದು ರಸ್ತೆ ಸಾಧಾರಣದ್ದು ಎನ್ನುವುದೂ ಅನ್ಯಾಯ, ಏಕೆಂದರೆ ಆ 1.45 ಲಕ್ಷ ಕಿಲೋಮೀಟರಿನಲ್ಲಿ ದಿನವಿಡೀ ನಾಲ್ಕು ಲಾರಿ ಕಾಣದ ಗುಡ್ಡಗಾಡಿನ ದಾರಿಗಳೂ ಸೇರಿವೆ. ಸರಿಯಾದ ಅಳತೆ ವಾಹನಗಳು ಓಡಿದ ದೂರ. ಲೆಕ್ಕಕ್ಕಾಗಿ ಮಾತ್ರ, ದಿನಕ್ಕೆ 50,000 ವಾಹನಗಳು ಈ ರಸ್ತೆಯ ತುದಿಯಿಂದ ತುದಿಗೆ ಓಡುತ್ತವೆ ಎಂದು ಹಿಡಿಯೋಣ. ವರ್ಷಕ್ಕೆ ಅದು ಸುಮಾರು 217 ಕೋಟಿ ವಾಹನ ಕಿಲೋಮೀಟರ್. 100 ಕೋಟಿ ಕಿಲೋಮೀಟರಿಗೆ 2023ರಲ್ಲಿ 87 ಸಾವು, 2024ರಲ್ಲಿ 23. ಅಮೆರಿಕದ ಎಲ್ಲ ರಸ್ತೆಗಳನ್ನೂ ಸೇರಿಸಿದ 2022ರ ಸರಾಸರಿ ಇದೇ ಅಳತೆಯಲ್ಲಿ 8ರ ಸುಮಾರಿಗಿದೆ. ಶ್ರೀಮಂತ ದೇಶಗಳಲ್ಲಿ ಅದನ್ನು ಯಾರೂ ಒಳ್ಳೆಯ ಸಾಧನೆ ಎಂದು ತೋರಿಸುವುದಿಲ್ಲ. ನನ್ನ ಐವತ್ತು ಸಾವಿರದ ಬದಲು ಬೇರೆ ಸಂಖ್ಯೆ ಹಾಕಿದರೆ ಉತ್ತರ ಬದಲಾಗುತ್ತದೆ, ಅದಕ್ಕೇ ಟೋಲ್ ಗೇಟಿನ ಎಣಿಕೆಯನ್ನೂ ಸಾವಿನ ಎಣಿಕೆಯನ್ನೂ ಒಂದೇ ಹಾಳೆಯಲ್ಲಿ ಮುದ್ರಿಸಬೇಕು.

ಕೆಳಗಿನ ಸಂಖ್ಯೆಯನ್ನು ತಪ್ಪಾಗಿ ಆರಿಸಿದರೆ ಎಂಥ ಅನರ್ಥವಾಗುತ್ತದೆ ಎಂಬುದಕ್ಕೆ ಇನ್ನೊಂದೇ ಉದಾಹರಣೆ ಸಾಕು. ನೂರು ಅಪಘಾತಗಳಿಗೆ ಎಷ್ಟು ಸಾವು ಎಂಬುದನ್ನು ವರದಿಗಳು ತೀವ್ರತೆ ಎಂದು ಕರೆಯುತ್ತವೆ. 2022ರಲ್ಲಿ ಕೇರಳದಲ್ಲಿ 43,910 ಅಪಘಾತಗಳಿಗೆ 4,317 ಸಾವು, ನೂರಕ್ಕೆ ಹತ್ತು. ಬಿಹಾರದಲ್ಲಿ 10,801 ಅಪಘಾತಗಳಿಗೆ 8,898 ಸಾವು, ನೂರಕ್ಕೆ 82. ಬಿಹಾರದಲ್ಲಿ ಬಿದ್ದವರೆಲ್ಲ ಸಾಯುತ್ತಾರೆ ಎಂದು ಇದರ ಅರ್ಥವಲ್ಲ, ಕೈಕಾಲು ಮುರಿದುಕೊಂಡವರು ಅಲ್ಲಿ ಠಾಣೆಯ ಪುಸ್ತಕದವರೆಗೆ ಬರುವುದೇ ಕಡಿಮೆ ಎಂದು ಅರ್ಥ. ನಮ್ಮ ರಾಜ್ಯ 39,762ಕ್ಕೆ 11,702ರೊಂದಿಗೆ ಇವೆರಡರ ನಡುವೆ ಇದೆ.

ಅಂಕಿಗಳಲ್ಲಿ ನನಗೆ ತೀರ ಕಡಿಮೆ ನಂಬಿಕೆಯಿರುವುದು ಕಾರಣಗಳ ಅಂಕಣದಲ್ಲಿ. 2022ರ ಸಾವುಗಳಲ್ಲಿ ಶೇ 71.2ಕ್ಕೆ ಕಾರಣ ಅತಿವೇಗ ಎಂದು ಕೇಂದ್ರದ ವರದಿ ಹೇಳುತ್ತದೆ. ವೇಗ ಕೊಲ್ಲುತ್ತದೆ ಎಂದು ಈಗಷ್ಟೇ ನಾನೇ ಬರೆದೆ. ಆದರೂ ಈ ಶೇಕಡಾವಾರು ಹುಟ್ಟುವ ಬಗೆ ನನ್ನನ್ನು ಕಾಡುತ್ತದೆ. ನಮ್ಮ ಕಡೆಯ ಯಾವುದೇ ಅಪಘಾತದ ದೂರನ್ನು ಓದಿ, "ಅತಿವೇಗ ಮತ್ತು ಅಜಾಗರೂಕತೆಯಿಂದ ಚಾಲನೆ ಮಾಡಿಕೊಂಡು ಬಂದು" ಎಂಬ ಸಾಲು ಅದರಲ್ಲಿ ಇದ್ದೇ ಇರುತ್ತದೆ. ವಾಕಿಂಗಿನಲ್ಲಿ ನನಗೆ ಜೊತೆಯಾಗುವ ನಿವೃತ್ತ ಹೆಡ್ ಕಾನ್‌ಸ್ಟೇಬಲ್ ಒಬ್ಬರನ್ನು ಈ ಬಗ್ಗೆ ಕೇಳಿದೆ. "ಸೆಕ್ಷನ್‌ನಲ್ಲಿ ಆ ಮಾತಿದೆಯಲ್ಲಾ ಮೇಷ್ಟ್ರೇ, ಅದಿಲ್ದೆ ಕೇಸು ನಿಲ್ಲಲ್ಲ. ಗುಂಡಿ ಇತ್ತು, ಲೈಟ್ ಇರ್ಲಿಲ್ಲ ಅಂತ ಬರೆದ್ರೆ ಯಾರ ಮೇಲೆ ಚಾರ್ಜ್‌ಶೀಟ್ ಹಾಕದು?" ಎಂದರು. ಕಾನೂನಿಗೆ ಒಬ್ಬ ಆರೋಪಿ ಬೇಕು. ಮಹಜರಿನ ಹೊತ್ತಿಗೆ ಆರೋಪಿಯನ್ನು ವರ್ಣಿಸಲು ಬಳಸಿದ ಮಾತು ವರ್ಷಾಂತ್ಯದಲ್ಲಿ ಕೂಡಿಕೊಂಡು ದೇಶದ ಅಪಘಾತಗಳ ಕಾರಣವಾಗುತ್ತದೆ. ಬೆಳಕಿಲ್ಲದ ಸರ್ವಿಸ್ ರಸ್ತೆ, ಎಲ್ಲೆಂದರಲ್ಲಿ ತೆರೆದುಕೊಳ್ಳುವ ಪ್ರವೇಶ ದಾರಿ, ಆಚೆ ದಡದ ಗದ್ದೆಗೆ ಹೋಗಲು ಸ್ಕೈವಾಕ್ ಇಲ್ಲದೆ ಊರವರು ಕತ್ತರಿಸಿಕೊಂಡ ತಂತಿಬೇಲಿ, ಇವು ಯಾವುವೂ ಸ್ಟೀರಿಂಗ್ ಹಿಡಿಯುವುದಿಲ್ಲವಾದ್ದರಿಂದ ಆರೋಪಿಗಳಾಗುವುದಿಲ್ಲ, ಆರೋಪಿಗಳಾಗದ್ದರಿಂದ ಅಂಕಿಗಳೂ ಆಗುವುದಿಲ್ಲ. ಐಐಟಿ ದೆಹಲಿಯ ದಿನೇಶ್ ಮೋಹನ್ ಅವರು ಬದುಕಿರುವವರೆಗೂ ಇಂಥದ್ದೇ ಒಂದು ಕೊರತೆಯ ಬಗ್ಗೆ ಬರೆದರು: ಸತ್ತ ಪಾದಚಾರಿಗಳ ಪಾಲು ಸರ್ಕಾರಿ ಕೋಷ್ಟಕದಲ್ಲಿ ಇರುವುದಕ್ಕಿಂತ ಬಹಳ ಹೆಚ್ಚು ಎಂದು ಅವರು ಠಾಣೆಗಳ ಮೂಲ ಕಡತಗಳನ್ನು ಓದಿ ತೋರಿಸಿದರು. ನಡೆದು ಹೋಗುವವನ ಸಾವನ್ನು ಕೋಷ್ಟಕ ಅವನಿಗೆ ಗುದ್ದಿದ ವಾಹನದ ಸಾಲಿಗೆ ಸೇರಿಸಿ ಮರೆತುಬಿಡುವುದು ಹೊಸದೇನಲ್ಲ.

ಮೊನ್ನೆ ಟೀ ಅಂಗಡಿಯಲ್ಲಿ ಇಷ್ಟನ್ನೂ ಹೇಳಲಿಲ್ಲ. ಹೇಳಿದ್ದು ಒಂದು ಭಾಗಾಕಾರವನ್ನು ಮಾತ್ರ. 2023ರಲ್ಲಿ ಕರ್ನಾಟಕದ ರಸ್ತೆಗಳಲ್ಲಿ ಒಟ್ಟು 12,321 ಮಂದಿ ಸತ್ತರು, ದಿನಕ್ಕೆ ಹತ್ತಿರ ಹತ್ತಿರ 34. ನಮ್ಮ ಹೆದ್ದಾರಿ ಉಳಿಸಿದ 138 ಜೀವಗಳು ಅದರಲ್ಲಿ ನೂರಕ್ಕೆ ಒಂದಕ್ಕಿಂತ ತುಸು ಹೆಚ್ಚು. ಆ ಒಂದಕ್ಕೆ ಪ್ರಧಾನಿಯವರ ಉದ್ಘಾಟನೆ, ಟಿವಿ ವಾಹನಗಳು, ರೇಡಾರ್ ಗನ್, ಕ್ಯಾಮೆರಾ ಜಾಲ ಎಲ್ಲವೂ ಬಂದವು. ಉಳಿದ ತೊಂಬತ್ತೊಂಬತ್ತರಲ್ಲಿ ಎಷ್ಟೋ ಬಿದ್ದಿರುವುದು ಹೆಸರಿಲ್ಲದ ರಸ್ತೆಗಳಲ್ಲಿ, ವರ್ಷಕ್ಕೆ ಎರಡೋ ಮೂರೋ ಸಾವುಗಳು ಉದ್ದಕ್ಕೂ ಚದುರಿ ಬೀಳುವ ಕಡೆಗಳಲ್ಲಿ. ಎರಡು ಮೂರರ ಏರಿಳಿತದಿಂದ ಏನನ್ನೂ ಹೇಳಲಾಗದು ಎಂದು ನಾನೇ ಮೇಲೆ ಹುಣಿಸೆಬೀಜ ಚೆಲ್ಲಿ ತೋರಿಸಿದ್ದೇನೆ; ಹಾಗಾಗಿ ಅಂಥ ರಸ್ತೆ ಎಂದೂ ಕಪ್ಪು ಚುಕ್ಕೆಯಾಗುವುದಿಲ್ಲ, ಅಲ್ಲಿ ಸಾವು ಇಳಿದರೂ ಏರಿದರೂ ಪ್ರಕಟಣೆ ಹೊರಡುವುದಿಲ್ಲ. ಅವುಗಳನ್ನು ತಿಳಿಯಬೇಕಾದರೆ ಒಂದೊಂದು ಜಾಗವನ್ನು ಬಿಟ್ಟು ಒಂದೊಂದು ಬಗೆಯನ್ನು ಎಣಿಸಬೇಕು: ರಾಜ್ಯದಲ್ಲಿ ದೀಪವಿಲ್ಲದ ಟ್ರ್ಯಾಕ್ಟರಿಗೆ ಹಿಂದಿನಿಂದ ಗುದ್ದಿ ಸತ್ತವರೆಷ್ಟು, ಬಸ್ ಇಳಿದು ರಸ್ತೆ ದಾಟುವಾಗ ಸತ್ತವರೆಷ್ಟು, ಹೆಲ್ಮೆಟ್ ಇಲ್ಲದೆ ಹಿಂದೆ ಕೂತು ಸತ್ತವರೆಷ್ಟು. ಹಾಗೆ ಕೂಡಿದಾಗ ಎರಡು ಮೂರುಗಳು ನೂರುಗಳಾಗಿ ಅರ್ಥ ಕೊಡಲು ಶುರುಮಾಡುತ್ತವೆ.

"ಅಲ್ಲಾ ಮೇಷ್ಟ್ರೇ, ನಮ್ ಹಾಲಿನ ಅಣ್ಣಯ್ಯ ಯಾವುದರೊಳಗೆ ಬತ್ತಾನೆ ಹಂಗಾದ್ರೆ?" ಎಂದು ಅಂಗಡಿಯವರು ಕೇಳಿದರು. ಅಪಘಾತವಾದದ್ದು ಸರ್ವಿಸ್ ರಸ್ತೆಯಲ್ಲಿ, ಸತ್ತದ್ದು ಮನೆಯಲ್ಲಿ, ಮರಣ ಪತ್ರದಲ್ಲಿ ಇರುವುದು ನಂಜು, ಠಾಣೆಯ ಪುಸ್ತಕದಲ್ಲಿ ಇಂದಿಗೂ ಇರುವುದು ಗಾಯದ ಕಲಂ. ಯಾವುದರೊಳಗೂ ಇಲ್ಲ ಎಂದೆ. ಅವರು ಆ ದಿನ ನನ್ನಿಂದ ಟೀಯ ದುಡ್ಡು ತೆಗೆದುಕೊಳ್ಳಲಿಲ್ಲ, ಏಕೆಂದು ನಾನೂ ಕೇಳಲಿಲ್ಲ.